ಎರಡನೇ ಸಾಲು

ಜೂನ್ 4

ಸಭಾಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ಅಗಣ್ಯರೇ, ಭಾಷಣ ಯಾವಾಗ ಮುಗಿದೀತೆಂದು ಬಾಗಿಲ ಕಡೆಗೇ ಕಣ್ಣಿಟ್ಟಿರುವ ಬುದ್ಧಿವಂತರೇ,

ನನ್ನ ಅಣ್ಣನ ಮಗಳು ಟೀಚರಾದಳೆಂಬ ಸುದ್ದಿಯನ್ನು ಈ ಮಹಾಸಭೆಯ ಅವಗಾಹನೆಗೆ ತರಲು ಹರ್ಷಿಸುತ್ತೇನೆ. ಮನೆತನದಲ್ಲಿ ಒಬ್ಬ ಮೇಷ್ಟ್ರಿದ್ದರೆ ಅದು ವಿಧಿಯಾಟ, ಇಬ್ಬರಾದರೆ ಮನೆಮಂದಿಗೆಲ್ಲ ಕಾಟ. ಚಪ್ಪಾಳೆ ಸಾಕು. ಸಭೆ ಇಲ್ಲಿಗೆ ಮುಗಿಯಿತು. ಎಲ್ಲರೂ ಚಹಾ ಕುಡಿದು ಹೋಗಬಹುದು, ಲೋಟ ಮಾತ್ರ ಒಯ್ಯಬಾರದು.

ಮಗಳೇ, ಇನ್ನು ನಿನ್ನ ಹತ್ತಿರ ಮಾತು. ಫೋನು ಬೇಡ, ಕಾಗದ ಬರಿ ಎಂದು ನಾನು ಹಟ ಹಿಡಿದಾಗ ನೀನು ನಕ್ಕೆ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಕಾಗದವಾದರೆ ಮುಂದೆ ಇಟ್ಟುಕೊಂಡು ನಿಧಾನವಾಗಿ ಉತ್ತರ ಹುಡುಕಬಹುದು. ನನಗೂ ಅದೇ ಅನುಕೂಲ.

ನಾನು ಕೆಲಸಕ್ಕೆ ಸೇರಿದಾಗ ಒಬ್ಬ ಮುದುಕ ಮೇಷ್ಟ್ರು ಮೊದಲ ವಾರವೆಲ್ಲ ನನ್ನ ಜೊತೆ ತರಗತಿಯ ಬಾಗಿಲ ತನಕ ನಡೆದು ಬರುತ್ತಿದ್ದರು. ಉಪದೇಶವಿಲ್ಲ, ಬೆನ್ನು ತಟ್ಟುವುದಿಲ್ಲ. ಬಾಗಿಲು ಬಂದಾಗ "ಇಲ್ಲಿ ತನಕ ನಾನು, ಒಳಗೆ ನೀನು" ಎಂದು ಹೇಳಿ ಹೊರಟುಬಿಡುತ್ತಿದ್ದರು. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಕಾರಿಡಾರಿನಲ್ಲಿ. ನಿನಗೂ ಅಂಥವರು ಸಿಕ್ಕಲಿ. ಸಿಗದಿದ್ದರೆ ಕಾಗದದ ಮೇಲೆ ನಾನಿದ್ದೇನೆ.

ಪಾಠ ಓದುವ ಮೊದಲು ಕೋಣೆಯನ್ನು ಓದು. ಬಾಗಿಲು ಎಲ್ಲಿ, ಹಲಗೆ ಎಲ್ಲಿ, ಕಿಟಕಿ ಯಾವ ಕಡೆ. ನೋಡಿ ನನಗೆ ಬರಿ.

ದಾಟುವ ತನಕ ಬಾಗಿಲು, ಎದೆಯೊಳಗೆ ನಗಾರಿ,
ದಾಟಿದ ಮೇಲೆ ಸೀಮೆಸುಣ್ಣವೇ ನಿನ್ನ ಕಠಾರಿ.

ನಿನ್ನ ಚಿಕ್ಕಪ್ಪ


ಜೂನ್ 15

ಪ್ರೀತಿಯ ಚಿಕ್ಕಪ್ಪನಿಗೆ,

ಬಾಗಿಲು ದಾಟಿದೆ. ನಗಾರಿ ನಿಲ್ಲಲಿಲ್ಲ.

ಬಾಗಿಲು ಮುಂದುಗಡೆ, ಹಲಗೆಯ ಬಲಕ್ಕೆ. ಕಿಟಕಿ ಎಡಗಡೆ, ಮೈದಾನದ ಕಡೆಗೆ. ಬೆಂಚುಗಳು ಐದು ಸಾಲು. ಇಷ್ಟನ್ನು ಮೊದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಉಳಿದದ್ದನ್ನು ಬರೆಯಲು ಕೈ ಬರುತ್ತಿಲ್ಲ.

ನನಗೆ ಕೊಟ್ಟಿರುವುದು ಎಂಟನೇ ಬಿ. ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿದ ಕೂಡಲೇ ಎಲ್ಲರೂ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು, ಸಾವಿನ ಮನೆಗೆ ಬಂದವರ ಹಾಗೆ. ನನಗಿಂತ ಮುಂಚೆ ಇದ್ದ ಇಬ್ಬರು ಟೀಚರು ವರ್ಷ ಮುಗಿಯುವ ಮೊದಲೇ ಬಿಟ್ಟುಹೋದರಂತೆ. ಹೊಸಬರಿಗೆ ಒಬ್ಬ ಹಿರಿಯರನ್ನು ಜೊತೆ ಮಾಡುವುದು ಇಲ್ಲಿಯ ನಿಯಮ. ನನಗೆ ಸಿಕ್ಕಿದ್ದು ಲೆಕ್ಕದ ಮೇಷ್ಟ್ರು. "ನೀರಿಗೆ ತಳ್ಳಿದ್ರೆ ಈಜು ತಾನಾಗೇ ಬರುತ್ತಮ್ಮ" ಎಂದು ಹೇಳಿ ಪೇಪರು ಬಿಡಿಸಿಕೊಂಡರು. ಮುಳುಗಿದವರ ಲೆಕ್ಕವನ್ನೂ ಇಟ್ಟಿದ್ದೀರಾ ಸಾರ್ ಎಂದು ಕೇಳಬೇಕೆನಿಸಿತು.

ಚಿಕ್ಕಪ್ಪ, ಅವರು ಗಲಾಟೆ ಮಾಡುವುದಿಲ್ಲ. ಮಾಡಿದ್ದರೆ ಎಷ್ಟೋ ವಾಸಿ. ನಾನು ಹಲಗೆಗೆ ತಿರುಗಿದ ತಕ್ಷಣ ಒಂದು ಗುಂಯ್ ಸದ್ದು ಏಳುತ್ತದೆ, ಜೇನುಗೂಡು ಕಿವಿಯ ಹತ್ತಿರ ಬಂದ ಹಾಗೆ. ಬೆನ್ನಿನ ಮೇಲೆ ಏನೋ ಹರಿದ ಹಾಗಾಗುತ್ತದೆ. ತಿರುಗಿದರೆ ಎಲ್ಲರ ತುಟಿಯೂ ಮುಚ್ಚಿದೆ, ಕಣ್ಣು ಪುಸ್ತಕದ ಮೇಲಿದೆ. ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ನೇರವಾಗಿ ನನ್ನನ್ನೇ ನೋಡುತ್ತಾಳೆ. ಎಲ್ಲರೂ ಅವಳನ್ನು ದೊರೆಸಾನಿ ಅನ್ನುತ್ತಾರೆ. ಅವಳು ಗಲ್ಲಕ್ಕೆ ಕೈ ಕೊಟ್ಟರೆ ಸದ್ದು ಶುರು, ಕೈ ತೆಗೆದರೆ ಬಂದ್. ಬೆವರಿನ ಕೈಗೆ ಸೀಮೆಸುಣ್ಣ ಅಂಟಿಕೊಳ್ಳುತ್ತದೆ. ಬಾಡಿಗೆ ಕೋಣೆಗೆ ಬಂದು ಫ್ಯಾನ್ ಹಾಕಿದರೆ ಅದೂ ಗುಂಯ್ ಅನ್ನುತ್ತದೆ. ಆರಿಸಿ ಸೆಕೆಯಲ್ಲೇ ಮಲಗುತ್ತೇನೆ.

ಸೆಪ್ಟೆಂಬರಿನಲ್ಲಿ ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ನನ್ನ ಒಂದು ಪಾಠ ನೋಡುತ್ತಾರೆ. ಒಪ್ಪಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಗಂಟುಮೂಟೆ. ಅಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ ನನಗಾಗಿ ಖಾಲಿ ಇಟ್ಟಿದ್ದಾರೆ. ದಿನಾ ಸಂಜೆ ಫೋನ್ ಮಾಡಿ ಕೇಳುವುದು ಒಂದೇ ಮಾತು: "ಇನ್ನೂ ಅಲ್ಲೇ ಇದ್ದೀಯಾ?"

ಏನು ಮಾಡಲಿ?

ನಿಮ್ಮ ಮಗಳು


ಜೂನ್ 24

ಮಗಳೇ,

ಆ ಗುಂಯ್‌ಗುಡುವ ವಿದ್ಯೆ ನಮ್ಮ ಕಾಲದಲ್ಲೂ ಇತ್ತು. ಅದನ್ನು ನಾನೇ ಮಾಡಿದವನು, ಆದ್ದರಿಂದ ಅಧಿಕಾರವಾಣಿಯಿಂದ ಹೇಳುತ್ತೇನೆ: ಯಾರು ಮಾಡಿದ್ದು ಎಂದು ಕೇಳಬೇಡ. ಕೇಳಿದರೆ ಗೆದ್ದದ್ದು ಅವರು. ಹಲಗೆಯ ಮುಂದೆ ಓರೆಯಾಗಿ ನಿಂತು ಬರೆಯುವುದನ್ನು ರೂಢಿಸಿಕೋ. ಬಲಗೈ ಹಲಗೆಗೆ, ಎಡಭುಜ ಮಕ್ಕಳಿಗೆ. ಮೊದಲು ಅಕ್ಷರ ಗುಡ್ಡ ಹತ್ತಿ ಇಳಿದ ಹಾಗೆ ಬರುತ್ತದೆ. ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಸಾಧನೆ ಮಾಡು.

ಹಲಗೆಗೆ ಹೆಗಲು ಕೊಡು, ಮಕ್ಕಳಿಗೆ ಮುಖ,
ಬೆನ್ನು ಕೊಟ್ಟ ಮೇಷ್ಟ್ರಿಗೆ ಎಲ್ಲಿಯ ಸುಖ?

ನಿನ್ನೊಬ್ಬಳದೇ ಫಜೀತಿ ಅಂದುಕೊಳ್ಳಬೇಡ. ಮೊನ್ನೆ ನಾನು ಒಂಬತ್ತನೇ ತರಗತಿಗೆ ಹೋಗುವ ಬದಲು ಏಳನೆಯದಕ್ಕೆ ಹೋಗಿ ಅರ್ಧ ಪಾಠ ಮುಗಿಸಿದೆ. ಏಳನೆಯವರು ಸಭ್ಯರು, ಸುಮ್ಮನೆ ಬರೆದುಕೊಂಡರು. ಒಂಬತ್ತನೆಯವರು ಇನ್ನೂ ಸಭ್ಯರು, ನನ್ನನ್ನು ಹುಡುಕಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಿನ್ನ ತಾತನೂ ಒಮ್ಮೆ ಪಕ್ಕದ ಮನೆಗೆ ಹೋಗಿ ಚಪ್ಪಲಿ ಬಿಟ್ಟು ಊಟಕ್ಕೆ ಕೂತಿದ್ದರಲ್ಲ, ಆ ಮನೆತನ ನಮ್ಮದು.

ಒಂದು ಆಕ್ಷೇಪಣೆ. ಕೋಣೆಯನ್ನು ಓದು ಅಂದಿದ್ದೆ. ನಿನ್ನ ತರಗತಿಯಲ್ಲಿ ಕಿಟಕಿ ಯಾವ ಕಡೆ ಇದೆ? ಅದನ್ನು ನೀನು ಬರೆಯಲೇ ಇಲ್ಲ.

ನಿನ್ನ ಚಿಕ್ಕಪ್ಪ


ಜುಲೈ 10

ಪ್ರೀತಿಯ ಚಿಕ್ಕಪ್ಪನಿಗೆ,

ಕಿಟಕಿಯ ಪ್ರಶ್ನೆ ನೋಡಿ ಮೊದಲು ಸ್ವಲ್ಪ ಸಿಟ್ಟು ಬಂತು. ಬರೆದಿದ್ದೆನಲ್ಲ, ಎಡಗಡೆ ಎಂದು. ಆಮೇಲೆ ಹೊಳೆಯಿತು. ನೀವು ಬಾಯಿಬಿಟ್ಟು ಹೇಳುವ ಮೇಷ್ಟ್ರಲ್ಲ, ಕೇಳಿ ಕೇಳಿ ಕಾಣಿಸುವ ಮೇಷ್ಟ್ರು. ಮತ್ತೆ ಕೇಳಿದ್ದೀರಿ ಅಂದರೆ ನಾನು ಕಿಟಕಿಯನ್ನು ನೋಡಿದ್ದೇನೆ, ಓದಿಲ್ಲ.

ಅವತ್ತು ಊಟದ ಬಿಡುವಿನಲ್ಲಿ ಮಕ್ಕಳು ಹೊರಗೆ ಹೋದ ಮೇಲೆ ನಾನು ಒಂದೊಂದೇ ಬೆಂಚಿನಲ್ಲಿ ಕೂತೆ. ಮುಂದಿನ ಎರಡು ಸಾಲಿನಿಂದ ಎಲ್ಲ ಸರಿಯಾಗಿಯೇ ಕಂಡಿತು. ಮೂರನೆಯದರಿಂದ ಹಿಂದಕ್ಕೆ ಹೋದಂತೆ ಹಲಗೆಯ ಎಡ ಅರ್ಧ ಬಿಳಿಯ ಬೆಂಕಿ. ಕಿಟಕಿಯ ಬೆಳಕೆಲ್ಲ ಅಲ್ಲಿಗೇ ಬಡಿದು, ನಾನು ಬರೆದ ಒಂದಕ್ಷರವೂ ಕಾಣುತ್ತಿರಲಿಲ್ಲ. ನಾನು ಇಷ್ಟು ದಿನ ಬರೆದದ್ದೆಲ್ಲ ಆ ಅರ್ಧದಲ್ಲೇ. ಕಾಣದ ಹಲಗೆಯ ಮುಂದೆ ಕೂತ ಮಕ್ಕಳು ಇನ್ನೇನು ಮಾಡಿಯಾರು? ಗುಂಯ್ ಅಂದಿದ್ದಾರೆ.

ಈಗ ಬಲ ಅರ್ಧದಲ್ಲಿ ಬರೆಯುತ್ತೇನೆ, ಓರೆಯಾಗಿ ನಿಂತು. ಸದ್ದು ಮೊದಲಿನಷ್ಟಿಲ್ಲ. ಎರಡು ಸಲ ಕೇಳಿದ್ದಕ್ಕೆ ಎರಡು ನಮಸ್ಕಾರ.

ಆದರೆ ಹೆದರಿಕೆ ಹೋಗಿಲ್ಲ, ರೂಪ ಬದಲಿಸಿದೆ. ಈಗ ಅವರ ಮೌನಕ್ಕೆ ಹೆದರುತ್ತೇನೆ. ದೊರೆಸಾನಿ ರೆಪ್ಪೆ ಬಡಿಯದೆ ನೋಡುತ್ತಾಳೆ, ಇವಳು ಯಾವಾಗ ಬೀಳುತ್ತಾಳೆ ಎಂದು ಕಾಯುವವಳ ಹಾಗೆ. ಪ್ರಶ್ನೆ ಕೇಳಿದರೆ ನಿಧಾನವಾಗಿ ಎದ್ದು "ಗೊತ್ತಿಲ್ಲ ಟೀಚರ್" ಎಂದು ಕೂರುತ್ತಾಳೆ. ಉಳಿದವರೂ ಹಾಗೆಯೇ. ಇಡೀ ತರಗತಿಗೆ ಏನೂ ಗೊತ್ತಿಲ್ಲ. ಬೆಳಿಗ್ಗೆ ಬಸ್ಸಿಳಿದು ಶಾಲೆಯ ಗೇಟು ಕಂಡರೆ ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ನಿಂತುಬಿಡುತ್ತೇನೆ. ಮೊನ್ನೆ ಗೇಟು ದಾಟಿ ಮುಂದಿನ ತಿರುವಿನ ತನಕ ನಡೆದುಹೋಗಿ, ಅಂಗಡಿಯೊಂದರ ಮುಂದೆ ನಿಂತು, ಮತ್ತೆ ಬಂದೆ. ಮುಂದಿನ ಸಲ ತಿರುಗಿ ಬರುತ್ತೇನೆಂಬ ಧೈರ್ಯವಿಲ್ಲ.

ಬೇಗ ಬರೆಯಿರಿ.

ನಿಮ್ಮ ಮಗಳು


ಆಗಸ್ಟ್ 2

ಚಿಕ್ಕಪ್ಪ,

ಮೂರು ವಾರವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಫೋನ್ ಮಾಡಿದೆ, ಚಿಕ್ಕಮ್ಮ ಎತ್ತಿದರು. ನೀವು ಮಲಗಿದ್ದೀರಿ ಅಂದರು. ಮಧ್ಯಾಹ್ನ ಮಲಗುವವರನ್ನು ಕಂಡರೆ ನಿಮಗೆ ಆಗುತ್ತಿರಲಿಲ್ಲವಲ್ಲ. ಏನಾದರೂ ಹೇಳಬೇಕಾ ಎಂದು ಕೇಳಿದೆ. "ನೀನು ಕಾಗದ ಬರೀತಾ ಇರು ಪುಟ್ಟಿ, ನಿಲ್ಲಿಸಬೇಡ" ಅಂದರು.

ಗೇಟು ದಾಟಿ ಹೋದ ವಿಷಯ ಬರೆದದ್ದಕ್ಕೆ ಬೇಸರವಾಯಿತೇ? ಇವಳು ಹೇಡಿ ಎಂದು ಕೈಬಿಟ್ಟಿರಾ? ಬೈದಾದರೂ ಬರೆಯಿರಿ. ಬಾಗಿಲ ತನಕ ಬರುತ್ತೇನೆ ಅಂದವರು ಕಾರಿಡಾರಿನ ಮಧ್ಯೆ ನಿಂತುಬಿಟ್ಟರೆ ನಾನು ಎಲ್ಲಿಗೆ ಹೋಗಲಿ?

ನಿಮ್ಮ ಮಗಳು


ಆಗಸ್ಟ್ 19

ಮಗಳೇ,

ಕೈಬಿಟ್ಟಿಲ್ಲ. ಅಂಚೆಯವರ ಮೇಲೆ ತಪ್ಪು ಹೊರಿಸೋಣ, ಅವರು ಉತ್ತರ ಬರೆಯುವುದಿಲ್ಲ. ಇಲ್ಲಿ ಎಲ್ಲ ಕ್ಷೇಮ. ಚಿಕ್ಕಮ್ಮ ಈಗ ನಾನು ಹೊರಡುವಾಗ ಗೇಟಿನ ತನಕ ಬರುತ್ತಾಳೆ, ಹಿಂದಿರುಗುವ ಹೊತ್ತಿಗೂ ಅಲ್ಲೇ ನಿಂತಿರುತ್ತಾಳೆ. ಮದುವೆಯಾದ ಹೊಸದರಲ್ಲೂ ಹೀಗೆ ಮಾಡಿದವಳಲ್ಲ. ಪ್ರೀತಿ ಉಕ್ಕಿರಬೇಕು, ಇಲ್ಲವೇ ಬೀಗದ ಕೈ ನನ್ನ ಜೇಬಿನಲ್ಲಿ ಉಳಿದಿರಬೇಕು.

ಹೇಡಿಗಳ ಬಗ್ಗೆ ಕೇಳಿದ್ದೀಯ. ಹೆದರಿಕೆ ಇಲ್ಲದ ಮೇಷ್ಟ್ರನ್ನು ನಾನು ಕಂಡದ್ದು ಒಬ್ಬನನ್ನೇ. ಅವನು ಪಾಠ ಮಾಡುವಾಗ ಮಕ್ಕಳೆಲ್ಲ ನಿದ್ದೆ ಮಾಡುತ್ತಿದ್ದರು, ಅವನೂ ಜೊತೆಗೆ. ಹೆದರುವವನು ಕಿವಿ ತೆರೆದಿಟ್ಟುಕೊಂಡಿರುತ್ತಾನೆ. ಅಷ್ಟು ಸಾಕು. ಮಕ್ಕಳು ಗೊತ್ತಿಲ್ಲ ಅಂದರೆ ಗೊತ್ತಿರುವುದನ್ನೇ ಕೇಳಿ ನೋಡು.

ಅದಿರಲಿ, ಹೊಸ ಶಾಲೆಯಲ್ಲಿ ಮೊದಲ ದಿನ ಹೇಗಿತ್ತು? ವಿವರವಾಗಿ ಬರಿ.

ಕತ್ತಲೆಗೆ ಹೆದರಿದವರು ದೀಪ ಹಚ್ಚುತಾರೆ,


ಸೆಪ್ಟೆಂಬರ್ 1

ಪ್ರೀತಿಯ ಚಿಕ್ಕಪ್ಪನಿಗೆ,

ಕಾಗದ ಬಂದಾಗ ಅತ್ತುಬಿಟ್ಟೆ, ಆಮೇಲೆ ನಕ್ಕೆ. ಲಕೋಟೆಯ ಮೇಲೆ ನಿಮ್ಮ ಅಕ್ಷರದಲ್ಲಿ ನನ್ನ ಹಳೆಯ ಹಾಸ್ಟೆಲಿನ ವಿಳಾಸ, ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಚಿಕ್ಕಮ್ಮನ ಅಕ್ಷರದಲ್ಲಿ ಸರಿಯಾದದ್ದು. ಅಂಚೆಯವರ ಮೇಲೆ ತಪ್ಪು ಹೊರಿಸುವವರು ನೀವು!

ನಿಮ್ಮ ಪ್ರಶ್ನೆಯನ್ನು ಎರಡು ದಿನ ತಲೆಯಲ್ಲಿ ಹೊತ್ತುಕೊಂಡು ತಿರುಗಿದೆ. ಸೇರಿ ತಿಂಗಳುಗಳಾದ ಮೇಲೆ "ಮೊದಲ ದಿನ ಹೇಗಿತ್ತು" ಎಂದು ಯಾರು ಕೇಳುತ್ತಾರೆ? ನೀವು ಕೇಳುತ್ತೀರಿ. ಕಿಟಕಿಯ ಹಾಗೆ ಇದರಲ್ಲೂ ಏನೋ ಇಟ್ಟಿದ್ದೀರಿ. ಕೊನೆಗೆ ಗೊತ್ತಾಯಿತು. ಜೂನಿನ ಹೆದರಿಕೆಯನ್ನು ನಾನು ದಿನಾ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಮಕ್ಕಳು ಅವತ್ತಿನವರಲ್ಲ, ನಾನೂ ಅಲ್ಲ. ಇವತ್ತೇ ಮೊದಲ ದಿನ ಎಂದುಕೊಂಡು ಒಳಗೆ ಹೋಗು ಅಂತ ತಾನೇ ನಿಮ್ಮ ಮಾತಿನ ಅರ್ಥ? ಹೋದೆ. ಗೇಟು ದಾಟಿ ಆಚೆ ಹೋಗಲಿಲ್ಲ.

ಮತ್ತೆ ಆ ಪದ್ಯ. ಯಾವಾಗಲೂ ಎರಡು ಸಾಲು ಬರೆಯುವವರು ಈ ಸಲ ಒಂದನ್ನೇ ಬರೆದು ಅಲ್ಪವಿರಾಮ ಹಾಕಿ ನಿಲ್ಲಿಸಿದ್ದೀರಿ. ಕೆಳಗೆ ಹೆಸರೂ ಇಲ್ಲ, ಬರೀ ಖಾಲಿ ಜಾಗ. ಇದು ನನಗೆ ಮನೆಗೆಲಸ ಎಂದು ಅರ್ಥವಾಯಿತು. ನಾನು ಹುಡುಕಿದೆ, ಸಿಗಲಿಲ್ಲ. ಆದರೆ ಸಿಗದಿರುವಾಗ ಒಂದು ಉಪಾಯ ಸಿಕ್ಕಿತು. ಹೆಡ್ ಮೇಡಂ ಬರುವುದು ಹದಿನೆಂಟಕ್ಕೆ ಎಂದು ಗೊತ್ತಾಗಿದೆ. ಅಲ್ಲಿಯ ತನಕ ಅದನ್ನು ನಿಮಗೂ ಹೇಳುವುದಿಲ್ಲ. ಹೇಳಿದರೆ ಧೈರ್ಯ ಸೋರಿಹೋಗುತ್ತದೆ.

ನಿಮ್ಮ ಮಗಳು


ಸೆಪ್ಟೆಂಬರ್ 18

ಚಿಕ್ಕಪ್ಪ,

ಈಗಷ್ಟೇ ಕೋಣೆಗೆ ಬಂದೆ. ಚಪ್ಪಲಿ ಬಿಡದೆ ಬರೆಯುತ್ತಿದ್ದೇನೆ.

ಹೆಡ್ ಮೇಡಂ ದೊರೆಸಾನಿಯ ಪಕ್ಕದಲ್ಲೇ ಹೋಗಿ ಕೂತರು. ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ಇಣುಕಿ, ಈಜು ಬಂತೇನೋ ನೋಡಿಕೊಂಡು ಹೋದರು. ನಾನು ಹಲಗೆಯ ಬಲ ಅರ್ಧದಲ್ಲಿ ನಿಮ್ಮ ಸಾಲು ಬರೆಯಲು ಶುರುಮಾಡಿದೆ. "ಕತ್ತಲೆಗೆ" ಅನ್ನುವಷ್ಟರಲ್ಲಿ ಗುಂಯ್ ಎದ್ದಿತು. ಎಷ್ಟೋ ದಿನದಿಂದ ಇರಲಿಲ್ಲ, ಇವತ್ತಿಗೆಂದೇ ಎತ್ತಿಟ್ಟಿದ್ದರು. ಸೀಮೆಸುಣ್ಣ ಮುರಿದು ಕೆಳಗೆ ಬಿತ್ತು. ಬಗ್ಗಿ ತೆಗೆದರೆ ಮೇಲೆ ಏಳುವುದಿಲ್ಲ ಅನ್ನಿಸಿತು. ಕೈಯಲ್ಲಿ ಉಳಿದ ಚೂರಿನಲ್ಲೇ ಸಾಲು ಮುಗಿಸಿ, ತಿರುಗಿ ನಿಂತು ಹೇಳಿದೆ: ಇದರ ಎರಡನೇ ಸಾಲು ನನಗೆ ಗೊತ್ತಿಲ್ಲ.

ಸದ್ದು ನಿಂತಿತು. ಮುಂದಿನ ಬೆಂಚಿನವನೊಬ್ಬ, "ಟೀಚರಿಗೇ ಗೊತ್ತಿಲ್ವಾ?" ಅಂದ. ಗೊತ್ತಿಲ್ಲ, ಬರೆದವರು ನನಗೂ ಹೇಳಿಕೊಟ್ಟಿಲ್ಲ ಅಂದೆ. ಆಮೇಲೆ ಒಬ್ಬ ಎದ್ದು "ಪರೀಕ್ಷೆಗೆ ಹೆದರಿದವರು ಜ್ವರವ ಮೆಚ್ಚುತಾರೆ" ಅಂದ. ತರಗತಿ ನಕ್ಕಿತು. ಹಿಂದೆಯೇ ಇನ್ನೊಬ್ಬಳು, "ನಾಯಿಗೆ ಹೆದರಿದವರು ನೆರಳಿಗೂ ಬೆಚ್ಚುತಾರೆ." ಯಾರ ಬಾಯಲ್ಲೂ ಗೊತ್ತಿಲ್ಲ ಎಂಬ ಮಾತಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು.

ಆಗ ದೊರೆಸಾನಿ ಎದ್ದಳು. ನನ್ನನ್ನೇ ನೋಡುತ್ತಾ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು:

"ಮಕ್ಕಳಿಗೆ ಹೆದರಿದವರು ನಡುಕ ಮುಚ್ಚುತಾರೆ."

ಹೆಡ್ ಮೇಡಂ ಪೆನ್ನು ಎತ್ತಿದ್ದು ಕಾಣಿಸಿತು. ನನ್ನ ಕೈ ಬೆನ್ನ ಹಿಂದೆ ಇತ್ತು ಚಿಕ್ಕಪ್ಪ, ನಡುಗುತ್ತಾ. ಬೈಯಬಹುದಿತ್ತು, ಕೇಳಿಸದ ಹಾಗೆ ಇರಬಹುದಿತ್ತು. ಕೈಯನ್ನು ಮುಂದೆ ತಂದೆ. ಪ್ರಾಸವೂ ಸರಿ, ಮಾತೂ ಸರಿ, ಹೆದರ್ತೀನಿ ಅಂದೆ.

"ಮತ್ತೆ ದಿನಾ ಬರೋದ್ಯಾಕೆ ಟೀಚರ್?" ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು.

"ಬರದಿದ್ರೆ ಮನೇಲಿ ಕೂತು ಇನ್ನೂ ಜಾಸ್ತಿ ಹೆದರ್ತೀನಿ. ಅದಕ್ಕೆ."

ಅವಳನ್ನು ಕರೆದು ಸೀಮೆಸುಣ್ಣದ ಚೂರು ಕೊಟ್ಟೆ. ಬಂದು ನಿಮ್ಮ ಸಾಲಿನ ಕೆಳಗೆ ತನ್ನದನ್ನು ಬರೆದಳು. ಅವಳ ಕೈಯೂ ನಡುಗುತ್ತಿತ್ತು. ಅದನ್ನು ನೋಡಿದ್ದು ನಾನೊಬ್ಬಳೇ.

ಆಮೇಲೆ ಹೆಡ್ ಮೇಡಂ ಕರೆದು, ಹೆದರ್ತೀನಿ ಅಂತ ಹೇಳೋದು ಪಾಠದ ಯೋಜನೆಯಲ್ಲಿ ಇತ್ತೇನಮ್ಮ ಎಂದು ಕೇಳಿದರು. ಇರಲಿಲ್ಲ ಮೇಡಂ ಅಂದೆ. ಕೆಲಸ ಖಾಯಂ. ಮುಂದಿನ ತಿಂಗಳು ವಿಜ್ಞಾನಕ್ಕೆ ಹೊಸಬಳೊಬ್ಬಳು ಬರುತ್ತಾಳಂತೆ, ಅವಳು ನನ್ನ ಜೊತೆ ಇರಲಿ ಅಂದರು. ಮೊದಲ ವಾರ ಅವಳ ಜೊತೆ ಬಾಗಿಲ ತನಕ ನಡೆಯುತ್ತೇನೆ. ನಿಮ್ಮ ಪದ್ಧತಿಯನ್ನೇ ಹೇಳಿಕೊಡುತ್ತೇನೆ: ಎರಡು ಸಲ ಕೇಳುವುದು, ಒಂದು ಸಾಲು ಬಿಡುವುದು.

ಅಪ್ಪನ ಫೋನಿಗೆ ನಾನೇ ಮೊದಲು ಹೇಳಿದೆ, "ಹೂಂ, ಇನ್ನೂ ಇಲ್ಲೇ ಇದ್ದೀನಿ."

ನಿಮ್ಮ ಮಗಳು


ಅಕ್ಟೋಬರ್ 9

ಸಭಾಧ್ಯಕ್ಷರೇ, ಗಣ್ಯರೇ, ಅಗಣ್ಯರೇ,

ಇಂದಿನ ಸನ್ಮಾನ ಸಮಾರಂಭಕ್ಕೆ ಸ್ವಾಗತ. ನನ್ನ ಮಗಳು ಎಂಟನೇ ಬಿ ಎಂಬ ಕೋಟೆಯನ್ನು ಒಂದು ಸೀಮೆಸುಣ್ಣದ ಚೂರಿನಿಂದ ಗೆದ್ದಿದ್ದಾಳೆ. ಈ ವಿಜಯಕ್ಕೆ ಕಾರಣವಾದದ್ದು ಅವಳ ಚಿಕ್ಕಪ್ಪ ಕಂಡುಹಿಡಿದ ನೂತನ ಬೋಧನಾ ಪದ್ಧತಿ. ಎರಡು ಸಲ ಕೇಳುವುದು, ಒಂದು ಸಾಲು ಬಿಡುವುದು. ಈ ಪದ್ಧತಿಯನ್ನು ಎಲ್ಲ ಶಾಲೆಗಳಲ್ಲೂ ಜಾರಿಗೆ ತಂದು, ಅದಕ್ಕೆ ನನ್ನ ಹೆಸರನ್ನಿಟ್ಟು, ನನಗೊಂದು ಶಾಲು ಹೊದಿಸಿ, ಹಾರವನ್ನು

ಸಭೆ ಮುಗಿಯಿತು. ಎಲ್ಲರೂ ಹೋಗಿ. ಮಗಳೇ, ನೀನೊಬ್ಬಳು ಇರು.

ನಿನ್ನ ಕಾಗದಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ಓದಿದೆ. ಕಿಟಕಿಯ ಬಗ್ಗೆ ಎರಡನೇ ಸಲ ಕೇಳಿದಾಗ ನೀನು ಉತ್ತರ ಬರೆದದ್ದು ನನ್ನ ತಲೆಯಲ್ಲಿ ಇರಲಿಲ್ಲ. ಮೊದಲ ದಿನ ಹೇಗಿತ್ತು ಎಂದು ಕೇಳಿದ್ದರಲ್ಲಿ ನಾನು ಏನನ್ನೂ ಇಟ್ಟಿರಲಿಲ್ಲ. ನೀನು ನಿನ್ನೆ ಮೊನ್ನೆ ಸೇರಿದ್ದೀಯ ಅಂದುಕೊಂಡಿದ್ದೆ. ಎರಡನೇ ಸಾಲು ನಿನಗೆಂದು ಬಿಟ್ಟದ್ದಲ್ಲ. ನನಗೆ ಬರಲಿಲ್ಲ. ಮೂರು ದಿನ ಆ ಕಾಗದದ ಮುಂದೆ ಕೂತೆ. ಹಚ್ಚುತಾರೆ, ಮುಚ್ಚುತಾರೆ. ಹುಟ್ಟಿದಾಗಿನಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದ ಪದಗಳು, ಒಂದೂ ಹತ್ತಿರ ಬರಲಿಲ್ಲ. ಚಿಕ್ಕಮ್ಮ ನೋಡಿಯಾಳೆಂದು ಹಾಗೇ ಮಡಚಿ ಲಕೋಟೆಗೆ ಹಾಕಿದೆ. ಆಗಸ್ಟಿನಿಂದ ನಾನು ಶಾಲೆಗೆ ಹೋಗುತ್ತಿಲ್ಲ. ಅವಳು ಗೇಟಿನಲ್ಲಿ ನಿಲ್ಲುವುದು ನಾನು ಬೀದಿಯ ತುದಿಯ ತನಕ ನಡೆದು ಸರಿಯಾಗಿ ವಾಪಸ್ಸು ಬರುತ್ತೇನೋ ಎಂದು ನೋಡಲಿಕ್ಕೆ. ನಿನ್ನ ತಾತ ಪಕ್ಕದ ಮನೆಯಲ್ಲಿ ಊಟಕ್ಕೆ ಕೂತಾಗ ನಾವೆಲ್ಲ ನಕ್ಕೆವು. ಕೊನೆಗೆ ಅವರು ನನ್ನನ್ನೇ "ಯಾರಪ್ಪ ನೀನು" ಎಂದು ಕೇಳಿದರು.

ಆ ಹುಡುಗಿಯ ಸಾಲು ನಿನಗೆ ಬರೆದದ್ದಲ್ಲ ಮಗಳೇ, ನನಗೆ ಬರೆದದ್ದು. ನೀನು ಕೈಯನ್ನು ಮುಂದೆ ತಂದೆ. ನಾನು ಪ್ರಾಸದ ಹಿಂದೆ ಇಟ್ಟುಕೊಂಡೆ.

ರಜೆಗೆ ಬಾ. ಡಾಕ್ಟರ ಬಾಗಿಲ ತನಕ ನನ್ನ ಜೊತೆ ನಡೆ, ಒಳಗೆ ನಾನೇ ಹೋಗುತ್ತೇನೆ. ಚಿಕ್ಕಮ್ಮ ಎರಡು ಸಲ ದಿನ ಗೊತ್ತುಮಾಡಿದ್ದಳು. ಎರಡು ಸಲವೂ ನಾನು ಹೋಗಲಿಲ್ಲ, ಮರೆತೆ ಅಂದೆ.

ಅದೊಂದನ್ನು ಮಾತ್ರ ಮರೆತಿರಲಿಲ್ಲ.